ಹಳ್ಳದ ಆಚೆ ದಂಡು, ಈಚೆ ಪೇಟೆ: ಮೀರತ್ ನಗರದ ಕಥೆ

ನಮ್ಮ ಮಕ್ಕಳ ಇತಿಹಾಸದ ಪುಸ್ತಕದಲ್ಲಿ ಮೀರತ್ ಒಂದೇ ಸಾಲಿನಲ್ಲಿ ಬಂದು ಹೋಗಿಬಿಡುತ್ತದೆ. 1857ರ ಮೇ 10ರಂದು ಅಲ್ಲಿ ಸಿಪಾಯಿಗಳು ದಂಗೆಯೆದ್ದರು. ಮರುದಿನ ಬೆಳಿಗ್ಗೆ ದೆಹಲಿ ತಲುಪಿದರು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಬೆಂಕಿ ಮೀರತ್‌ನಲ್ಲಿ ಹೊತ್ತಿಕೊಂಡ ಬಗೆ ಹೇಗೆ, ಆ ಊರು ಎಂಥದು ಎಂದು ಮಗು ಕೇಳಿದರೆ ಉತ್ತರವನ್ನು ಊರಿನ ನಕ್ಷೆಯಿಂದಲೇ ಆರಂಭಿಸಬೇಕಾಗುತ್ತದೆ.

ಗಂಗೆ ಯಮುನೆಗಳ ನಡುವಿನ ಬಯಲಿನಲ್ಲಿ, ದೆಹಲಿಯಿಂದ ಈಶಾನ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಮೀರತ್ ಇದೆ. ಊರಿನ ಮಧ್ಯೆ ಅಬು ನಾಲಾ ಎಂಬ ಹಳ್ಳವೊಂದು ಹರಿಯುತ್ತದೆ. ಅದರ ಒಂದು ಕಡೆ ಇಕ್ಕಟ್ಟಾದ ಗಲ್ಲಿಗಳ ಹಳೆಯ ಪೇಟೆ. ಇನ್ನೊಂದು ಕಡೆ ನೇರವಾದ ರಸ್ತೆ, ಸಾಲುಮರ, ವಿಶಾಲವಾದ ಹಿತ್ತಿಲುಗಳ ಬಂಗಲೆ, ಕವಾಯತು ಮೈದಾನಗಳ ದಂಡು. ಬೆಂಗಳೂರಿನ ದಂಡನ್ನೋ ಬೆಳಗಾವಿಯ ಕ್ಯಾಂಪನ್ನೋ ಕಂಡವರಿಗೆ ಈ ವಿನ್ಯಾಸ ಹೊಸದಲ್ಲ. ಬಿಳಿಯ ಸೈನಿಕನನ್ನು ಪೇಟೆಯ ಕಾಯಿಲೆ, ಹೆಂಡ, ಮಾತುಕತೆ ಮೂರರಿಂದಲೂ ದೂರವಿಡುವುದು ಅದರ ಉದ್ದೇಶವಾಗಿತ್ತು. ಆದರೆ ಹಾಲು, ಹುಲ್ಲು, ಲಾಳ, ಅಡುಗೆಯವ, ಅಗಸ, ದರ್ಜಿ ಇವೆಲ್ಲ ಪೇಟೆಯಿಂದಲೇ ಬರಬೇಕಷ್ಟೆ. ಹೀಗಾಗಿ ದಂಡಿನ ಮಗ್ಗುಲಲ್ಲೇ ಬಜಾರುಗಳು ಎದ್ದವು. ಸದರ್ ಬಜಾರ್, ಕೆಂಪು ಅಂಗಿಯ ಸೈನಿಕರಿಂದ ಹೆಸರು ಪಡೆದ ಲಾಲ್ ಕುರ್ತಿ, ಫಿರಂಗಿ ದಳದ ಹೆಸರಿನ ಆರ್.ಎ. ಬಜಾರ್ ಇಂದಿಗೂ ಅದೇ ಹೆಸರಿನಲ್ಲಿ ನಡೆದಿವೆ. ಹಳ್ಳ ಎರಡು ಊರುಗಳನ್ನು ಬೇರೆ ಮಾಡಿದರೆ, ಬಜಾರು ಅವನ್ನು ಮತ್ತೆ ಹೆಣೆಯಿತು. ಮೀರತ್‌ನ ದೊಡ್ಡ ಘಟನೆಗಳೂ ಅದರ ಹೆಸರಾಂತ ಕಸುಬುಗಳೂ ಬಹುಮಟ್ಟಿಗೆ ಹುಟ್ಟಿದ್ದು ಈ ಹೆಣಿಗೆಯಲ್ಲೇ.

ಊರು ದಂಡಿಗಿಂತ ಬಹಳ ಹಳೆಯದು. ಅಶೋಕನ ಶಾಸನವಿದ್ದ ಕಂಬವೊಂದು ಇಲ್ಲಿತ್ತು. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅದನ್ನು ದೆಹಲಿಗೆ ಸಾಗಿಸಿದನು. ಇಂದಿಗೂ ಅದು ದೆಹಲಿಯ ಗುಡ್ಡದ ಮೇಲಿದೆ.

ದಂಡು ಬಂದದ್ದು ಮರಾಠರ ಸೋಲಿನ ಬೆನ್ನಿಗೆ. 1803ರ ಸೆಪ್ಟೆಂಬರಿನಲ್ಲಿ ದಖನ್ನಿನ ಅಸ್ಸಾಯೆಯಲ್ಲಿ ಆರ್ಥರ್ ವೆಲ್ಲೆಸ್ಲಿ, ದೆಹಲಿಯ ಬಳಿ ಜನರಲ್ ಲೇಕ್, ಇಬ್ಬರೂ ದೌಲತ್‌ರಾವ್ ಸಿಂಧಿಯಾನ ಸೈನ್ಯಗಳನ್ನು ಸೋಲಿಸಿದರು. ವೆಲ್ಲೆಸ್ಲಿಯು ಆ ವರ್ಷದ ದಂಡಯಾತ್ರೆಗೆ ಹೊರಟದ್ದು ನಮ್ಮ ಹರಿಹರದಿಂದ. ವರ್ಷದ ಕೊನೆಯಲ್ಲಿ ಸುರ್ಜಿ-ಅಂಜನಗಾಂವ್‌ನಲ್ಲಿ ಆದ ಒಪ್ಪಂದದಿಂದ ಗಂಗಾ-ಯಮುನೆಯ ಬಯಲು ಕಂಪನಿ ಸರ್ಕಾರದ ಕೈಸೇರಿತು. ಅದನ್ನು ಕಾಯಲು ಮೀರತ್‌ನಲ್ಲಿ ನೆಲೆಗೊಂಡ ಸೇನೆ ಕೆಲವೇ ವರ್ಷಗಳಲ್ಲಿ ಉತ್ತರ ಭಾರತದ ಅತಿ ದೊಡ್ಡ ದಂಡುಗಳಲ್ಲಿ ಒಂದಾಯಿತು. 1819ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ಚರ್ಚು ಇಂದಿಗೂ ಅಲ್ಲಿದೆ.

ಆ ಚರ್ಚಿನ ಸ್ಮಶಾನದಲ್ಲಿರುವ ಒಂದು ಸಮಾಧಿಯ ಎದುರು ದಕ್ಷಿಣದವರಾದ ನಾವು ಸ್ವಲ್ಪ ನಿಲ್ಲಬೇಕು. ಅದು ರೋಲೋ ಗಿಲೆಸ್ಪಿ ಎಂಬ ಸೇನಾಪತಿಯದು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದರು. ಹಣೆಯ ನಾಮ ವಿಭೂತಿ ಅಳಿಸಬೇಕು, ಹೊಸ ಬಗೆಯ ಪೇಟ ತೊಡಬೇಕು ಎಂಬ ಆಜ್ಞೆ ಅವರನ್ನು ಕೆರಳಿಸಿತ್ತು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದರು. ದಂಗೆಕೋರರು ಮೈಸೂರಿನ ಬಾವುಟವನ್ನೇ ಏರಿಸಿದರು. ಸುಮಾರು 25 ಕಿಲೋಮೀಟರ್ ದೂರದ ಆರ್ಕಾಟಿನಿಂದ ಕುದುರೆ ಓಡಿಸಿಕೊಂಡು ಬಂದು ಒಂದೇ ದಿನದಲ್ಲಿ ಆ ದಂಗೆಯನ್ನು ನಿರ್ದಯವಾಗಿ ಅಡಗಿಸಿದವನು ಈ ಗಿಲೆಸ್ಪಿ. 1814ರಲ್ಲಿ ಗೂರ್ಖರ ಮೇಲಿನ ಯುದ್ಧದಲ್ಲಿ ಡೆಹ್ರಾಡೂನಿನ ಬಳಿ ಮಡಿದ ಅವನನ್ನು ಮೀರತ್‌ಗೆ ತಂದು ಹೂಳಿದರು. ವೆಲ್ಲೂರಿನ ಪಾಠವನ್ನು ಕಂಪನಿ ಸರ್ಕಾರ ಅವನೊಂದಿಗೇ ಹೂತುಬಿಟ್ಟಿತೇನೋ ಎನಿಸುವಂತೆ, ಐವತ್ತೊಂದು ವರ್ಷಗಳ ಮೇಲೆ ಅದೇ ಊರಿನಲ್ಲಿ ಅಂಥದೇ ತಪ್ಪು ನಡೆಯಿತು.

1857ರ ಏಪ್ರಿಲ್ 24. ಮೂರನೆಯ ಲಘು ಅಶ್ವದಳದ ಕರ್ನಲ್ ಕಾರ್ಮೈಕೇಲ್ ಸ್ಮಿತ್ ತೊಂಬತ್ತು ಸವಾರರನ್ನು ಕವಾಯತಿಗೆ ಕರೆದು ತೋಟಾ ಸ್ವೀಕರಿಸಲು ಆಜ್ಞಾಪಿಸಿದನು. ದನದ ಮತ್ತು ಹಂದಿಯ ಕೊಬ್ಬಿನ ಸುದ್ದಿ ಆಗಲೇ ದಂಡಿನಿಂದ ದಂಡಿಗೆ ಹರಡಿತ್ತು. ಬಂಗಾಳದ ಬಾರಕ್‌ಪುರದಲ್ಲಿ ಮಂಗಲ ಪಾಂಡೆಯನ್ನು ಗಲ್ಲಿಗೇರಿಸಿ ಎರಡು ವಾರ ಕಳೆದಿತ್ತಷ್ಟೆ. ಅಂದು ಕೊಟ್ಟ ತೋಟಾಗಳು ಹಳೆಯ ಬಗೆಯವೇ ಆಗಿದ್ದವು. ಆದರೆ ನಂಬಿಕೆ ಮುರಿದ ಮೇಲೆ ತೋಟಾ ಯಾವುದಾದರೇನು? ಎಂಬತ್ತೈದು ಮಂದಿ, ಹಿಂದೂಗಳೂ ಮುಸ್ಲಿಮರೂ ಸೇರಿ, ಕೈಚಾಚಲಿಲ್ಲ. ಸೈನಿಕ ನ್ಯಾಯಾಲಯ ಅವರಲ್ಲಿ ಹೆಚ್ಚಿನವರಿಗೆ ಹತ್ತು ವರ್ಷಗಳ ಕಠಿಣ ಸಜೆ ವಿಧಿಸಿತು.

ಶಿಕ್ಷೆಗಿಂತ ಅದನ್ನು ಜಾರಿ ಮಾಡಿದ ರೀತಿ ಘೋರವಾಗಿತ್ತು. ಮೇ 9ರ ಶನಿವಾರ ಇಡೀ ಸೇನೆಯನ್ನು ಮೈದಾನದಲ್ಲಿ ನಿಲ್ಲಿಸಿ, ಎಲ್ಲರ ಕಣ್ಣೆದುರು ಆ ಎಂಬತ್ತೈದು ಮಂದಿಯ ಸಮವಸ್ತ್ರ ಕಳಚಿಸಿದರು. ಕಮ್ಮಾರರು ಒಬ್ಬೊಬ್ಬರ ಕಾಲಿಗೂ ಬೇಡಿ ಬಡಿದರು. ಅವರಲ್ಲಿ ದೀರ್ಘಕಾಲ ಕಂಪನಿಗಾಗಿ ಯುದ್ಧ ಮಾಡಿದ ಹಿರಿಯರಿದ್ದರು. ಹೆಸರು ಹಿಡಿದು ಜೊತೆಗಾರರನ್ನು ಕೂಗಿದರು. ಆ ಸಂಜೆ ಬಜಾರಿಗೆ ಹೋದ ಸಿಪಾಯಿಗಳನ್ನು ಅಲ್ಲಿಯ ಹೆಂಗಸರು ಹಂಗಿಸಿದರೆಂದು ಪ್ರತೀತಿ. ಮಾತಿನ ಪೆಟ್ಟು ಎಲ್ಲಿಗೆ ಮುಟ್ಟುತ್ತದೆಂದು ದಂಡಿನ ನಕ್ಷೆ ಬರೆದವರು ಲೆಕ್ಕ ಹಾಕಿರಲಿಲ್ಲ.

ಮರುದಿನ ಭಾನುವಾರ ಸಂಜೆ ಕಿಡಿ ಹಾರಿದ್ದೂ ಸದರ್ ಬಜಾರಿನಲ್ಲೇ. ಬಿಳಿಯ ಪಡೆಗಳು ಸಿಪಾಯಿಗಳ ಆಯುಧ ಕಿತ್ತುಕೊಳ್ಳಲು ಬರುತ್ತಿವೆ ಎಂದು ಅಡುಗೆಮನೆಯ ಹುಡುಗನೊಬ್ಬ ಕೂಗುತ್ತ ಓಡಿಬಂದನೆಂದು ಅನಂತರ ನುಡಿದ ಸಾಕ್ಷಿಗಳಿವೆ. ವಾಸ್ತವದಲ್ಲಿ ಅವರು ಚರ್ಚಿಗೆ ಹೊರಡಲು ಸಜ್ಜಾಗುತ್ತಿದ್ದರು. ಸವಾರರು ಸೆರೆಮನೆಗೆ ನುಗ್ಗಿ ಜೊತೆಗಾರರ ಬೇಡಿ ಕಡಿಸಿದರು. ಪೇಟೆಯ ಜನ, ಸುತ್ತಲಿನ ಹಳ್ಳಿಗಳ ಗುರ್ಜರರು ಕೂಡಿಕೊಂಡರು. ಕೊತ್ವಾಲ ಧನ್‌ಸಿಂಗ್ ಗುರ್ಜರನ ಹೆಸರನ್ನು ಮೀರತ್ ಇಂದಿಗೂ ಅಭಿಮಾನದಿಂದ ಹೇಳುತ್ತದೆ. ಆ ರಾತ್ರಿ ಸುಮಾರು ಐವತ್ತು ಯುರೋಪಿಯನ್ನರು ಹತರಾದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಇದನ್ನು ಮರೆಮಾಚಿ ಮಕ್ಕಳಿಗೆ ಇತಿಹಾಸ ಹೇಳಬಾರದು. ಅನಂತರದ ತಿಂಗಳುಗಳಲ್ಲಿ ಬ್ರಿಟಿಷರ ಸ್ವಯಂಸೇವಕ ಕುದುರೆ ಪಡೆ ಸುತ್ತಲಿನ ಹಳ್ಳಿಗಳನ್ನು ಸುಟ್ಟದ್ದನ್ನೂ, ಬರೌತ್ ಸೀಮೆಯ ರೈತರನ್ನು ಒಗ್ಗೂಡಿಸಿ ಹೋರಾಡಿದ ಷಾ ಮಲ್ ಆ ಜುಲೈನಲ್ಲಿ ಕೊಲ್ಲಲ್ಪಟ್ಟದ್ದನ್ನೂ ಜೊತೆಯಲ್ಲೇ ಹೇಳಬೇಕು.

ಮೀರತ್‌ನಲ್ಲಿ ಅಂದು ಬ್ರಿಟಿಷ್ ಸೈನಿಕರಿಗೆ ಕೊರತೆಯಿರಲಿಲ್ಲ; ಫಿರಂಗಿಗಳೂ ಇದ್ದವು. ವೆಲ್ಲೂರಿಗೆ ಗಿಲೆಸ್ಪಿ ಓಡಿಬಂದಂತೆ ದೆಹಲಿಯ ಕಡೆಗೆ ಯಾರೂ ಓಡಲಿಲ್ಲ. ವೃದ್ಧ ಸೇನಾಪತಿ ಹ್ಯುವಿಟ್ ಏನು ಮಾಡಬೇಕೆಂದು ತೋಚದೆ ಇದ್ದಲ್ಲೇ ಇದ್ದನು. ಸಿಪಾಯಿಗಳು ರಾತ್ರಿಯೆಲ್ಲ ಸಾಗಿ, ಯಮುನೆಯ ದೋಣಿ ಸೇತುವೆ ದಾಟಿ, ಕೆಂಪುಕೋಟೆಯ ಕೆಳಗೆ ನಿಂತು ಬಹಾದೂರ್ ಷಾನನ್ನು ಕೂಗಿದರು. ಅಲ್ಲಿಂದ ಮುಂದಿನದು ಪಠ್ಯಪುಸ್ತಕದಲ್ಲಿದೆ. ಆ ಭಾನುವಾರದ ಭಯ ಮಾತ್ರ ಬ್ರಿಟಿಷರನ್ನು ಕೊನೆಯವರೆಗೂ ಬಿಡಲಿಲ್ಲ: ಅವರ ಸೈನಿಕರು ಈ ದೇಶದಲ್ಲಿ ಬಂದೂಕು ಹಿಡಿದೇ ಚರ್ಚಿಗೆ ಹೋಗುವ ಪದ್ಧತಿ ಬೆಳೆಯಿತು.

ಎಪ್ಪತ್ತೆರಡು ವರ್ಷಗಳ ಅನಂತರ ಸರ್ಕಾರವೇ ಮೀರತ್ತನ್ನು ಹುಡುಕಿಕೊಂಡು ಬಂದಿತು. 1929ರ ಮಾರ್ಚಿನಲ್ಲಿ ದೇಶದ ನಾನಾ ಕಡೆ ಕಾರ್ಮಿಕ ಮುಖಂಡರನ್ನು ಬಂಧಿಸಿ, ಮುಂಬಯಿ ಕಲ್ಕತ್ತಗಳಲ್ಲಿ ಆಗಿದ್ದರೆ ಜ್ಯೂರಿಯ ಎದುರು ನಿಲ್ಲಿಸಬೇಕಾಗುತ್ತಿದ್ದ ಮೊಕದ್ದಮೆಯನ್ನು ಜ್ಯೂರಿಯ ಕಾಟವಿಲ್ಲದ ಇಲ್ಲಿ ನಡೆಸಿದರು. ಮೀರತ್ ಒಳಸಂಚಿನ ಮೊಕದ್ದಮೆ ಎಂದು ಹೆಸರಾದ ಅದು ನಾಲ್ಕು ವರ್ಷ ಎಳೆಯಿತು. ಆರೋಪಿಗಳಲ್ಲಿ ಒಬ್ಬರಾದ ಎಸ್.ವಿ. ಘಾಟೆ ಹುಟ್ಟಿದ್ದು ಮಂಗಳೂರಿನಲ್ಲಿ. ಇಂಗ್ಲೆಂಡಿನಿಂದ ಬಂದಿದ್ದ ಇನ್ನೊಬ್ಬ ಆರೋಪಿ ಫಿಲಿಪ್ ಸ್ಪ್ರಾಟ್ ಮುಂದೆ ತಮ್ಮ ವಿಚಾರಗಳನ್ನು ಪೂರ್ತಿ ಬದಲಿಸಿಕೊಂಡು ಬೆಂಗಳೂರಿನಲ್ಲಿ ನೆಲೆಸಿ ಪತ್ರಿಕಾ ಸಂಪಾದಕರಾದರು.

ಇನ್ನು ಕಸುಬುಗಳ ಮಾತು. ಜಲೀ ಕೋಠಿ ಎಂಬ ಕೇರಿಯಲ್ಲಿ ಹಿತ್ತಾಳೆಯ ವಾದ್ಯಗಳು ತಯಾರಾಗುತ್ತವೆ: ಕಹಳೆ, ಬ್ಯೂಗಲ್, ಟ್ರಂಪೆಟ್, ಹೆಬ್ಬಾವಿನಂತೆ ಮೈಸುತ್ತಿದ ಸೌಸಾಫೋನ್. ಸೇನೆಯ ಬ್ಯಾಂಡಿನಲ್ಲಿದ್ದ ನಾದಿರ್ ಅಲಿ 1885ರಲ್ಲಿ ಆರಂಭಿಸಿದ ಸಂಸ್ಥೆ ಇವುಗಳಲ್ಲಿ ಹಿರಿಯದು. ದಂಡಿನ ಕವಾಯತಿಗೆ ಬಂದ ಈ ವಾದ್ಯಗಳು ಪೇಟೆಗೆ ಇಳಿದು ಮದುವೆಯ ಮೆರವಣಿಗೆಗೆ ಸೇರಿದವು. ನಮ್ಮೂರುಗಳ ಬ್ಯಾಂಡ್‌ಸೆಟ್ಟಿನವರ ಕೈಯಲ್ಲಿರುವ ಕಹಳೆಯೂ ಅಲ್ಲಿಯದೇ ಆಗಿರಬಹುದು. ಒಮ್ಮೆ ಕೇಳಿ ನೋಡಿ. ಹಳೆಯ ಬಸ್ಸು ಲಾರಿಗಳ ಗುಜರಿ ಉಕ್ಕನ್ನು ಕಾಯಿಸಿ ಬಡಿದು ಮಾಡುವ ಮೀರತ್ ಕತ್ತರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸುವನೆಂದು ಅಲ್ಲಿಯವರು ಅದನ್ನು ಹೊಗಳುತ್ತಾರೆ.

ಕ್ರಿಕೆಟ್ ಬ್ಯಾಟಿನ ಕಥೆ ಹೆಚ್ಚು ಆರ್ದ್ರವಾದುದು. ಪಂಜಾಬಿನ ಸಿಯಾಲ್‌ಕೋಟ್ ಕೂಡ ದಂಡಿನ ಊರೇ. ಅಲ್ಲಿಯ ಕುಶಲಕರ್ಮಿಗಳು ಬ್ರಿಟಿಷ್ ಅಧಿಕಾರಿಗಳ ಟೆನಿಸ್ ರ‍್ಯಾಕೆಟ್ ದುರಸ್ತಿ ಮಾಡುತ್ತ ಮಾಡುತ್ತ ಹೊಸದನ್ನೇ ತಯಾರಿಸಲು ಕಲಿತಿದ್ದರು. 1947ರಲ್ಲಿ ಗಡಿರೇಖೆ ಎಳೆದಾಗ ಸಿಯಾಲ್‌ಕೋಟ್ ಪಾಕಿಸ್ತಾನಕ್ಕೆ ಹೋಯಿತು. ಮನೆ, ಅಂಗಡಿ, ಮರದ ದಾಸ್ತಾನು ಎಲ್ಲವನ್ನೂ ಬಿಟ್ಟು ಬಂದ ಆ ಕಸುಬಿನ ಕುಟುಂಬಗಳು ಜಲಂಧರ್‌ನಲ್ಲೂ ಮೀರತ್‌ನಲ್ಲೂ ಬೀಡುಬಿಟ್ಟು ಸೊನ್ನೆಯಿಂದ ಆರಂಭಿಸಿದವು. ಇಂದು ಭಾರತದಲ್ಲಿ ನಡೆಯುವ ಟೆಸ್ಟ್ ಪಂದ್ಯಗಳ ಎಸ್‌ಜಿ ಚೆಂಡು ಮೀರತ್‌ನದು. 1931ರಲ್ಲಿ ಆ ಸಂಸ್ಥೆ ಹುಟ್ಟಿದ್ದು ಸಿಯಾಲ್‌ಕೋಟಿನಲ್ಲಿ. ಗಡಿ ತಮ್ಮ ಮನೆಯ ಪಕ್ಕದಲ್ಲೇ ಹಾದುಹೋದ ಅನುಭವವಿರುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ನಮ್ಮ ಗಡಿ ಆಡಳಿತದ ಭಾಷೆಯನ್ನು ಬದಲಿಸಿತು. ಅವರ ಗಡಿ ನೆಲವನ್ನೇ ಬಿಡಿಸಿತು.

ಈ ನಗರ ನೆಮ್ಮದಿಯ ಊರೆಂದು ಹೇಳಲಾಗದು. 1987ರ ಕೋಮುಗಲಭೆಯ ದಿನಗಳಲ್ಲಿ ಹಾಶಿಂಪುರ ಮೊಹಲ್ಲಾದ ಮುಸ್ಲಿಂ ಗಂಡಸರನ್ನು ರಾಜ್ಯದ ಸಶಸ್ತ್ರ ಪೊಲೀಸರು ಲಾರಿಯಲ್ಲಿ ಒಯ್ದು ಗುಂಡಿಟ್ಟು ಕಾಲುವೆಗೆ ಎಸೆದರು. ದೆಹಲಿ ಉಚ್ಚ ನ್ಯಾಯಾಲಯ ಹದಿನಾರು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2018ರಲ್ಲಿ, ಮೂವತ್ತೊಂದು ವರ್ಷಗಳ ಮೇಲೆ. ಎಂಬತ್ತೈದು ಸವಾರರ ಊರಿನಲ್ಲಿ ಇದೂ ನಡೆಯಿತು.

ಭಾಷೆಯ ವಿಷಯದಲ್ಲಿ ಮೀರತ್‌ನ ಸ್ಥಾನ ಕುತೂಹಲಕರ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಹಿಂದಿಗೂ, ಅದರ ಸೋದರಿಯಾದ ಉರ್ದುವಿಗೂ ಆಧಾರವಾದದ್ದು ದೆಹಲಿ-ಮೀರತ್ ಸೀಮೆಯ ಖಡೀಬೋಲಿ. ಉರ್ದು ಎಂಬ ತುರ್ಕಿ ಮೂಲದ ಪದಕ್ಕೆ ಅರ್ಥವೇ ದಂಡು, ಸೇನೆಯ ಬೀಡು. ಆದರೆ ಮೀರತ್‌ನ ಹಳ್ಳಿಗರ ಬಾಯಲ್ಲಿ ಆ ನುಡಿ ಪುಸ್ತಕದಂತೆ ನಯವಾಗಿಲ್ಲ. ಅವರು ವ್ಯಂಜನಗಳನ್ನು ಒತ್ತಿ ನುಡಿಯುತ್ತಾರೆ: ಗಾಡಿ ಗಾಡ್ಡಿಯಾಗುತ್ತದೆ, ರೋಟಿಯು ನಮ್ಮ ಹಾಗೆಯೇ ರೊಟ್ಟಿಯಾಗುತ್ತದೆ. ರಾಷ್ಟ್ರಮಟ್ಟದ ಭಾಷೆಗೆ ತಾಯಿಯಾದ ಆಡುನುಡಿಯನ್ನೇ ಶಾಲೆಯಲ್ಲಿ ಒರಟೆಂದು ತಿದ್ದುವುದು ವಿಚಿತ್ರವಾದರೂ ನಮಗೆ ಅಪರಿಚಿತವಲ್ಲ.

ದಂಡು ಈಗಲೂ ದಂಡೇ. ಸೇನೆಯ ಕುದುರೆ, ಹೇಸರಗತ್ತೆ ಮತ್ತು ನಾಯಿಗಳನ್ನು ನೋಡಿಕೊಳ್ಳುವ ಪಶುವೈದ್ಯ ದಳದ ಕೇಂದ್ರವೂ ಕಾಲೇಜೂ ಮೀರತ್‌ನಲ್ಲಿವೆ. ಸ್ಫೋಟಕವನ್ನು ಮೂಸಿ ಪತ್ತೆಹಚ್ಚುವ ನಾಯಿಗಳು ತರಬೇತಿ ಪಡೆಯುವುದು ಇಲ್ಲಿಯೇ. ಬಹುಕಾಲ ಅವೆಲ್ಲ ಲ್ಯಾಬ್ರಡಾರ್, ಜರ್ಮನ್ ಶೆಪರ್ಡ್ ಮುಂತಾದ ವಿದೇಶಿ ತಳಿಗಳೇ ಆಗಿದ್ದವು. 2016ರಲ್ಲಿ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಕೆಲವು ಮರಿಗಳನ್ನು ಈ ಕೇಂದ್ರಕ್ಕೆ ಕಳುಹಿಸಲಾಯಿತು. ಸಣ್ಣ ಸೊಂಟ, ಉದ್ದ ಕಾಲು, ಗಾಳಿಯಂತೆ ಓಡುವ ಆ ಬೇಟೆನಾಯಿಯನ್ನು ಜತ್ತ, ಅಕ್ಕಲಕೋಟೆಗಳ ಕಡೆಯವರು ಕುರಿಗಾರರ ಬಳಿ ಕಂಡಿರಬಹುದು. ದಂಡಿನ ಮೈದಾನದಲ್ಲಿ ಆಜ್ಞೆ ಕೇಳಿ ಕೂರಲು, ನಿಲ್ಲಲು, ವಾಸನೆ ಹಿಡಿಯಲು ಅವು ಅಲ್ಲಿ ಕಲಿತವು.