ಬಣವೆಯೊಳಗಿನ ಬೇಸಿಗೆ

ಚಳಿಗಾಲದಲ್ಲಿ ಒಂದು ಹಸುವಿಗೆ ದಿನಕ್ಕೆ 10ರಿಂದ 12 ಕಿಲೋ ಒಣಹುಲ್ಲು ಬೇಕು. ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಸೀಮೆಯಲ್ಲಿ ಹಿಮ ಬೀಳುವ ಹೊತ್ತಿಗೆ ಕೊಟ್ಟಿಗೆ ಸೇರಿದ ದನ ಮತ್ತೆ ಮೇಯಲು ಹೊರಡುವುದು ಐದಾರು ತಿಂಗಳ ಮೇಲೆ. ಎರಡು ಹಸು ಕಟ್ಟಿದ ಬಡ ಮನೆಗೂ ಸುಮಾರು 4 ಟನ್ ಹುಲ್ಲು ಬೇಕೇ ಬೇಕು. ಅಷ್ಟನ್ನೂ ಬೇಸಿಗೆ ಜಾರುವುದರೊಳಗೆ ಕೊಯ್ದು, ಒಣಗಿಸಿ, ಬಣವೆ ಹಾಕಬೇಕು.

ಟ್ರ್ಯಾಕ್ಟರ್ ಹತ್ತದ ಇಳಿಜಾರುಗಳಲ್ಲಿ ಇಂದಿಗೂ ಉದ್ದ ಹಿಡಿಯ ಕುಡುಗೋಲೇ ಗತಿ. ಕೂತು ಹಿಡಿ ಹಿಡಿಯಾಗಿ ಕೊಯ್ಯುವ ಪದ್ಧತಿ ಅಲ್ಲಿಲ್ಲ; ನಿಂತೇ, ನೆಲ ಸವರಿದಂತೆ ಬೀಸಿ ಸಾಗುತ್ತಾರೆ. ಅಲಗನ್ನು ಹಣಿಯುವುದು ಮುಂಚಿತವಾಗಿ ಆಗಬೇಕಾದ ಕೆಲಸ. ಮರದ ದಿಮ್ಮಿಗೆ ಹೊಡೆದು ನಿಲ್ಲಿಸಿದ ಪುಟ್ಟ ಅಡೆಗಲ್ಲಿನ ಮೇಲೆ, ಬೆಂಕಿಗೆ ಇಡದೆಯೇ, ಅಂಚನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಳ್ಳಗೆ ಮಾಡುತ್ತಾರೆ. ಕೊಯ್ಲಿಗೆ ಇಳಿದಾಗ ಸೊಂಟದಲ್ಲಿ ನೀರು ತುಂಬಿದ ದನದ ಕೊಂಬು, ಅದರಲ್ಲಿ ಮಸೆಗಲ್ಲು. ಕೆಲವು ನಿಮಿಷಕ್ಕೊಮ್ಮೆ ನಿಂತು ಮಸೆಯಲೇಬೇಕು. ಆ ನೆಪದಲ್ಲಿ ಬೆನ್ನು ನೆಟ್ಟಗಾಗುತ್ತದೆ, ಪಕ್ಕದವರೊಡನೆ ಎರಡು ಮಾತೂ ಆಗುತ್ತದೆ.

ಇಬ್ಬನಿ ಇರುವಾಗಲೇ ಕೊಯ್ಲು, ಏಕೆಂದರೆ ಒದ್ದೆ ಹುಲ್ಲು ಅಲಗಿಗೆ ಚೆನ್ನಾಗಿ ಸಿಗುತ್ತದೆ. ಬಿಸಿಲೇರಿದ ಮೇಲೆ ಮನೆಮಂದಿಯೆಲ್ಲ ಮರದ ಹಲ್ಲಿನ ಕುಂಟೆ ಹಿಡಿದು ಹರವುತ್ತಾರೆ, ಮಗುಚುತ್ತಾರೆ. ಮಧ್ಯಾಹ್ನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ಬ್ರೆಡ್ಡು, ಗಿಣ್ಣು, ಹಸಿ ಈರುಳ್ಳಿ, ಹೊಗೆಯಲ್ಲಿ ಹದ ಮಾಡಿದ ಹಂದಿಕೊಬ್ಬು. ದಣಿದ ಮೈಗೆ ಪ್ಲಮ್ ಹಣ್ಣಿನ ಸಾರಾಯಿಯ ಒಂದು ಗುಟುಕು. ಮನೆಗೆ ಮರಳಿದರೆ ನಮ್ಮ ಮುದ್ದೆಯ ಹಾಗೆ ಬೆಂದ ಮೆಕ್ಕೆಜೋಳದ ಮಮಲಿಗ. ಸುತ್ತಲೂ ಒಣಗುವ ಹುಲ್ಲಿನ ಸಿಹಿ ಕಂಪು. ಕೆಲವು ಹುಲ್ಲುಗಳಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ಒಣಗುವಾಗ ಬಿಡುವ ವಾಸನೆ ಅದು.

ಹಸಿ ಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಅದು ಶೇಕಡಾ 20ಕ್ಕಿಂತ ಕೆಳಗಿಳಿಯದೆ ಬಣವೆ ಹಾಕಿದರೆ ಒಳಗೆ ಸೂಕ್ಷ್ಮಜೀವಿಗಳು ಕಾವೇರಿಸುತ್ತವೆ. ಬೂಷ್ಟು ಹಿಡಿಯುತ್ತದೆ, ಒಮ್ಮೊಮ್ಮೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಹಾಗಾಗಿ ಎಲ್ಲರ ಕಣ್ಣೂ ಮೋಡದ ಮೇಲೆ. ಬಣವೆಗೆ ನಡುವೆ ಒಂದು ಗಳು ನೆಟ್ಟು, ನೆಲದ ತೇವ ತಾಗದಂತೆ ಕೊಂಬೆ ಹಾಸುತ್ತಾರೆ. ಒಬ್ಬರು ಮೇಲೆ ನಿಂತು ತುಳಿದರೆ ಉಳಿದವರು ಕೆಳಗಿನಿಂದ ಕವೆಗೋಲಿನಲ್ಲಿ ಎತ್ತಿಕೊಡುತ್ತಾರೆ. ಕೊನೆಗೆ ಹೊರಮೈಯನ್ನು ಕುಂಟೆಯಿಂದ ಬಾಚಿದರೆ ಮಳೆನೀರು ಒಳಗಿಳಿಯದೆ ಜಾರಿಹೋಗುತ್ತದೆ.

ಈ ದುಡಿಮೆಯ ಫಲ ಕೊಟ್ಟಿಗೆಯಲ್ಲಷ್ಟೇ ಇಲ್ಲ. ಕ್ಲುಜ್ ನಗರದ ಬಳಿಯ ಹುಲ್ಲುಗಾವಲೊಂದರಲ್ಲಿ ಕೇವಲ 10 ಚದರ ಮೀಟರ್ ಜಾಗದಲ್ಲಿ 98 ಜಾತಿಯ ಸಸ್ಯಗಳು ಸಿಕ್ಕಿವೆ. 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಪಟ್ಟಿಯಲ್ಲಿ ಅಷ್ಟು ಅಳತೆಯ ಜಾಗಕ್ಕೆ ಅದೇ ವಿಶ್ವದಾಖಲೆಯಾಗಿತ್ತು. ಪ್ರಕೃತಿ ಒಂದೇ ಮಾಡಿದ ಪವಾಡ ಇದಲ್ಲ. ವರ್ಷವರ್ಷವೂ ಕೊಯ್ಯುವುದರಿಂದ ಯಾವ ಒಂದು ಗಿಡವೂ ಉಳಿದವನ್ನು ತುಳಿದು ಬೆಳೆಯಲಾರದು. ಮಗುಚುವಾಗ ಉದುರುವ ಬೀಜ ಮುಂದಿನ ವರ್ಷದ ಹೂವಾಗುತ್ತದೆ. ರೈತನಿಲ್ಲದ ಕಡೆ ಈ ಹೂಗಳೂ ಇಲ್ಲ.

ಆತಂಕ ಇರುವುದೂ ಅಲ್ಲೇ. 2007ರಲ್ಲಿ ರೊಮೇನಿಯಾ ಐರೋಪ್ಯ ಒಕ್ಕೂಟ ಸೇರಿದ ಮೇಲೆ ಹಾಲಿನ ಗುಣಮಟ್ಟದ ನಿಯಮ ಬಿಗಿಯಾಯಿತು, ಹರೆಯದವರು ದುಡಿಮೆಗೆಂದು ಹೊರದೇಶಗಳಿಗೆ ನಡೆದರು. ಎರಡು ಮೂರು ಹಸುವಿನ ಎಷ್ಟೋ ಕೊಟ್ಟಿಗೆಗಳು ಖಾಲಿಯಾದವು. ಕೊಯ್ಯುವವರಿಲ್ಲದ ಹುಲ್ಲುಗಾವಲಿಗೆ ಮುಳ್ಳುಪೊದೆ ನುಗ್ಗುತ್ತದೆ.

ಅಲ್ಲಿನ ಒಂದು ನೀಲಿ ಚಿಟ್ಟೆಯ ಬದುಕಂತೂ ಕೊಯ್ಲಿನ ದಿನಕ್ಕೇ ಅಂಟಿಕೊಂಡಿದೆ. ಅದು ಮೊಟ್ಟೆಯಿಡುವುದು ಸ್ಯಾಂಗ್ವಿಸಾರ್ಬ ಎಂಬ ಗಿಡದ ಹೂಗೊಂಚಲಿನಲ್ಲಿ. ಮರಿಹುಳು ಕೆಲ ದಿನ ಹೂ ತಿಂದು ನೆಲಕ್ಕೆ ಬೀಳುತ್ತದೆ. ಕೆಂಪಿರುವೆಗಳು ಅದನ್ನು ತಮ್ಮದೇ ಮರಿಯೆಂದು ನಂಬಿ ಗೂಡಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಅದು ಇರುವೆಮರಿಗಳನ್ನೇ ತಿಂದು ಬೆಳೆಯುತ್ತದೆ. ಹುಳು ಹೂವಿನಲ್ಲಿರುವಾಗಲೇ ಕುಡುಗೋಲು ಬಿದ್ದರೆ ಆ ವರ್ಷದ ಸಂತಾನ ಹೋಯಿತು. ಹಾಗೆಂದು ಕೊಯ್ಯುವುದನ್ನೇ ಬಿಟ್ಟರೆ ಪೊದೆ ಬೆಳೆದು ಗಿಡವೂ ಇಲ್ಲ, ಇರುವೆಯೂ ಇಲ್ಲ. ಅದಕ್ಕಾಗಿ ಇಂಥ ಜಾಗಗಳಲ್ಲಿ ಬೇಸಿಗೆಯ ಕೊನೆಯವರೆಗೆ ಕೊಯ್ಲನ್ನು ತಡೆದಿಡುವ ರೈತರಿಗೆ ಒಕ್ಕೂಟದ ಸಹಾಯಧನ ಇದೆ. ಅಷ್ಟು ಹೊತ್ತಿಗೆ ಹುಲ್ಲು ಬಲಿತು ಕಡ್ಡಿಯಾಗಿ ಸತ್ವ ಇಳಿದಿರುತ್ತದೆ, ಹಾಲಿನ ಲೆಕ್ಕದಲ್ಲಿ ರೈತನಿಗೆ ಅದು ನಷ್ಟವೇ. ಆ ಹಣ ಅವನಿಗೆ ನ್ಯಾಯವಾಗಿ ಸಲ್ಲಬೇಕಾದ ಕೂಲಿ.