ಹಾರುವ ಮುನ್ನ ವಿಮಾನಕ್ಕೊಂದು ಸುತ್ತು

ಸಣ್ಣ ವಿಮಾನದ ಪೈಲಟ್ ಎಂಜಿನ್ ಚಾಲೂ ಮಾಡುವ ಮೊದಲು ವಿಮಾನದ ಸುತ್ತ ನಡೆದು, ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ ತಪಾಸಣೆ ಮಾಡಬೇಕು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಾಗಲಿ, ಕಲಬುರಗಿ ವಿಮಾನ ನಿಲ್ದಾಣದ ತರಬೇತಿ ಶಾಲೆಗಳಲ್ಲಾಗಲಿ, ವಿದ್ಯಾರ್ಥಿಗೆ ಮೊದಮೊದಲು ರೂಢಿ ಮಾಡಿಸುವುದು ಇದನ್ನೇ. ಸೆಸ್ನಾ 172ರಂಥ ಒಂಟಿ ಎಂಜಿನ್ನಿನ ವಿಮಾನವನ್ನು ನೆಲ ಬಿಡುವ ಮುನ್ನ ಕೊನೆಯದಾಗಿ ಪರಿಶೀಲಿಸುವವನು ಪೈಲಟ್ಟೇ.

ಕೆಲಸ ಕಾಕ್‌ಪಿಟ್‌ನಿಂದ ಶುರು. ದಾಖಲೆಪತ್ರ ನೋಡಿ, ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊದ ಸ್ವಿಚ್ ಬಂದಾಗಿದೆಯೇ ಎಂದು ಖಚಿತಪಡಿಸಿಕೊಂಡು, ಕಂಟ್ರೋಲ್ ಲಾಕ್ ತೆಗೆಯಬೇಕು. ನಿಂತ ವಿಮಾನದ ಬಾಲ, ರೆಕ್ಕೆಗಳ ಚಲಿಸುವ ಭಾಗಗಳು ಗಾಳಿಗೆ ಬಡಿದಾಡದಂತೆ ಹಿಡಿದಿಡುವ ಬೀಗವದು. 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್‌ನಲ್ಲಿ, ಮುಂದೆ ಬಿ-17 ಎಂದು ಹೆಸರಾದ ಬೋಯಿಂಗ್ ಬಾಂಬರಿನ ಮೊದಲ ಮಾದರಿ ಇಂಥ ಲಾಕ್ ತೆಗೆಯದೆ ಮೇಲೇರಿ, ಬಿದ್ದು ಉರಿಯಿತು. ನುರಿತ ಪೈಲಟ್‌ಗಳೇ ಅದರಲ್ಲಿದ್ದರು. ನೆನಪನ್ನಷ್ಟೇ ನಂಬದೆ ಬರೆದಿಟ್ಟ ಚೆಕ್‌ಲಿಸ್ಟ್ ಓದಿಕೊಂಡು ಮಾಡುವ ಪದ್ಧತಿ ಬೇರೂರಿದ್ದು ಆ ದುರಂತದ ನಂತರ.

ಇಂಧನದ ಪರೀಕ್ಷೆಗೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ಮೀಟರಿನ ಮುಳ್ಳನ್ನು ನಂಬದೆ, ಟ್ಯಾಂಕಿನ ಮುಚ್ಚಳ ತೆಗೆದು ಅಳತೆಕಡ್ಡಿ ಇಳಿಸಿ ನೋಡಬೇಕು. ಅರೆ ತುಂಬಿದ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಯಾಗುತ್ತದೆ. ಪೆಟ್ರೋಲಿಗಿಂತ ಭಾರವಾದ ನೀರು ತಳ ಸೇರುತ್ತದೆ. ಅದು ಎಂಜಿನ್ನಿಗೆ ಹೋದರೆ ಮೇಲೇರುತ್ತಿರುವಾಗಲೇ ಎಂಜಿನ್ ನಿಂತೀತು. ಹಾಗಾಗಿ ಟ್ಯಾಂಕಿನ ತಳದ ಕಿಂಡಿಯಿಂದ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಇಂಧನ ಇಳಿಸಿ ಬೆಳಕಿಗೆ ಹಿಡಿಯುತ್ತಾರೆ. 100 ಎಲ್‌ಎಲ್ ಎಂಬ ವಿಮಾನ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಲೋಟದ ತುಂಬ ನೀರೇ ಬಂದಿದ್ದರೆ ನೀರು, ಇಂಧನಗಳ ನಡುವಿನ ಗೆರೆ ಕಾಣುವುದಿಲ್ಲ. ನೀಲಿ ಇಲ್ಲವೆಂಬುದೇ ಆಗ ಸುಳಿವು. ತಪ್ಪಿ ಜೆಟ್ ಇಂಧನ ತುಂಬಿದ್ದರೂ ಬಣ್ಣ, ವಾಸನೆಗಳಿಂದ ಅನುಮಾನ ಬರಬೇಕು.

ಆಮೇಲೆ ಹೊರಮೈ. ಚಲಿಸುವ ಭಾಗಗಳ ಕೀಲುಗಳ ಪಿನ್ನು, ಟೈರು, ಬ್ರೇಕು, ಎಂಜಿನ್ ಆಯಿಲ್ ಎಲ್ಲವನ್ನೂ ನೋಡಬೇಕು. ವೇಗ ಅಳೆಯಲು ನೆರವಾಗುವ ಪಿಟೋ ಕೊಳವೆಯ ತೂತು ಚಿಕ್ಕದು. ಅದರ ಕವಚ ತೆಗೆಯಲು ಮರೆತರೆ, ಇಲ್ಲವೆ ಕಣಜದ ಹುಳು ಒಳಗೆ ಮಣ್ಣಿನ ಗೂಡು ಕಟ್ಟಿದ್ದರೆ, ವೇಗಮಾಪಕ ಸುಳ್ಳು ಹೇಳುತ್ತದೆ. ಕೆಲವು ದಿನ ನಿಂತ ವಿಮಾನದ ಎಂಜಿನ್ ಹೊದಿಕೆಯೊಳಗೆ ಹಕ್ಕಿಗಳೂ ಗೂಡು ಕಟ್ಟುತ್ತವೆ. ಪ್ರೊಪೆಲರಿನ ಅಂಚಿನ ಗಾಯ ಹುಡುಕುವಾಗ ಅದು ಯಾವ ಕ್ಷಣವೂ ತಿರುಗೀತು ಎಂಬ ಎಚ್ಚರವಿರಲಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಅದರ ಅರ್ಥಿಂಗ್ ತಂತಿ ಕಡಿದಿದ್ದರೆ, ಸ್ವಿಚ್ ಬಂದಾಗಿದ್ದರೂ, ಪ್ರೊಪೆಲರನ್ನು ಕೈಯಿಂದ ತಿರುಗಿಸಿದಾಗ ಕಿಡಿ ಹಾರಬಹುದು.

ಪೈಲಟ್‌ನ ದೇಹಸ್ಥಿತಿಯೂ ತಪಾಸಣೆಗೆ ಸೇರಿದ್ದು. ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟಬಾರದೆಂಬುದು ಭಾರತದ ನಿಯಮ. ನಿದ್ದೆಗೆಟ್ಟವನ ಕಣ್ಣಿಗೂ ದೋಷ ಬೀಳುವುದಿಲ್ಲ. ತಪಾಸಣೆಯ ನಡುವೆ ಫೋನ್ ಬಂದರೆ, ಯಾರಾದರೂ ಮಾತಿಗೆ ನಿಲ್ಲಿಸಿದರೆ, ಎಲ್ಲಿ ನಿಲ್ಲಿಸಿದ್ದೆಂಬ ಸಂಶಯ ಉಳಿದೇ ಉಳಿಯುತ್ತದೆ. ಆಗ ಮೊದಲಿನಿಂದ ಸುತ್ತುವುದೇ ಸರಿ. ಕಂಡ ದೋಷವನ್ನು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು ಎಂಜಿನಿಯರಿಗೆ ತಿಳಿಸಬೇಕು. ಅವರು ಸರಿಪಡಿಸಿ ಸಹಿ ಹಾಕಿದ ಮೇಲೆ ಆ ಭಾಗವನ್ನು ಪೈಲಟ್ ಇನ್ನೊಮ್ಮೆ ನೋಡಿಯೇ ಒಳಗೆ ಕೂರುತ್ತಾನೆ.