ಪೇಸ್‌ಮೇಕರಿನ ಗ್ರಹಣದೋಷಗಳು ಮತ್ತು ಅವುಗಳ ನಿರ್ವಹಣೆ

ಪೇಸ್‌ಮೇಕರು ಹೃದಯವನ್ನು ಪ್ರಚೋದಿಸುವ ಮುನ್ನ ಅದರ ಸಹಜ ವಿದ್ಯುತ್ ಸಂಕೇತವನ್ನು ಆಲಿಸುತ್ತದೆ. ಸಹಜ ಮಿಡಿತವನ್ನು ಗುರುತಿಸದಿರುವುದು ನ್ಯೂನಗ್ರಹಣ. ಅಕಾಲದ ಪ್ರಚೋದನೆಯಿಂದ ಅಪಾಯಕರ ಲಯಭಂಗ ಉಂಟಾಗಬಹುದು. ಸ್ನಾಯುವಿನ ಅಥವಾ ಮುರಿದ ತಂತಿಯ ಸಂಕೇತವನ್ನೇ ಮಿಡಿತವೆಂದು ಭಾವಿಸುವುದು ಅತಿಗ್ರಹಣ. ಇದು ಹೆಚ್ಚು ಮೋಸದ್ದು: ಯಂತ್ರ ಸುಮ್ಮನಾಗುತ್ತದೆ, ಅದನ್ನೇ ನಂಬಿದ ರೋಗಿ ಮೂರ್ಛೆ ಹೋಗಬಹುದು. ಆಗ ಎದೆಯ ಮೇಲಿಟ್ಟ ಅಯಸ್ಕಾಂತವು ಸಾಮಾನ್ಯವಾಗಿ ಯಂತ್ರವನ್ನು ನಿಗದಿತ ಗತಿಗೆ ತರುತ್ತದೆ. ಇದು ತಾತ್ಕಾಲಿಕ ಆಸರೆ ಮಾತ್ರ. ಮಿಲಿವೋಲ್ಟ್ ಸಂಖ್ಯೆ ಏರಿದಷ್ಟೂ ಗ್ರಹಣಶಕ್ತಿ ಕುಗ್ಗುವುದು ಹೊಸಬರನ್ನು ಗೊಂದಲಗೊಳಿಸುತ್ತದೆ. ಅತಿಗ್ರಹಣಕ್ಕೆ ಅದನ್ನು ಏರಿಸಬೇಕು, ನ್ಯೂನಗ್ರಹಣಕ್ಕೆ ಇಳಿಸಬೇಕು. ತಂತಿಯೇ ಮುರಿದಿದ್ದರೆ ಬದಲಿಸದೆ ಗತ್ಯಂತರವಿಲ್ಲ.

ಈ ಹೊಂದಾಣಿಕೆಗೆ ಪ್ರೋಗ್ರಾಮರ್ ಯಂತ್ರ ಬೇಕು. ಕೊಳ್ಳೇಗಾಲ, ಯಳಂದೂರು, ಅದಕ್ಕಿಂತಲೂ ಹನೂರಿನ ಗುಡ್ಡಗಾಡಿನವರಿಗೆ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆ ದೂರದ ಹಾದಿ. ಆದ್ದರಿಂದ ಸಮೀಪದ ಆಸ್ಪತ್ರೆಯಲ್ಲಿ ಇಸಿಜಿಯೊಡನೆ ಅಯಸ್ಕಾಂತವೂ, ರೋಗಿಯ ಬಳಿ ಉಪಕರಣದ ಗುರುತಿನ ಚೀಟಿಯೂ ಇರುವುದು ಅವಶ್ಯ.